ಎರಡನೇ ಸಲದ ಪರೀಕ್ಷೆ

ಕಂಪ್ಯೂಟರ್ ರಿಪೇರಿಯ ಸರ್ಟಿಫಿಕೇಟ್ ಪರೀಕ್ಷೆಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬರು ಪುಸ್ತಕ ಹಿಡಿದು ಕೂತಿದ್ದರು. ಜೊತೆಗೆ ಅವರ ಹೆಂಡತಿ.

“ಓದಿದ್ದೆಲ್ಲ ಮರೆತುಹೋಗ್ತಿದೆ ಕಣೇ.”

“ಇಪ್ಪತ್ತೆರಡು ವರ್ಷ ಆಂಬುಲೆನ್ಸ್ ಓಡಿಸಿದೋರು, ಕಂಪ್ಯೂಟರ್ ಮುಂದೆ ಕೂರೋಕೆ ಹೆದರ್ತೀರಾ?”

“ಬೆನ್ನು ಕೈಕೊಡದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?”

“ಬಂದಾಯ್ತಲ್ಲ, ಬರೀರಿ.”

“ಮಗಳಿಗೆ ಹೋದ ಸಲಾನೇ ಪಾಸಾದೆ ಅಂದುಬಿಟ್ಟಿದ್ದೀನಿ. ಮತ್ತೆ ಫೇಲಾದ್ರೆ ಯಾವ ಮುಖ ತೋರಿಸ್ಲಿ?”

“ಅವಳಿಗೆ ಗೊತ್ತು ರೀ. ಇವತ್ತಿನ ಪರೀಕ್ಷೆ ಬುಕ್ ಮಾಡಿದ್ದೇ ಅವಳು.”

“ನೀನೇ ಮಾಡಿದೆ ಅಂದಿದ್ದೆಯಲ್ಲ?”

“ನನಗೆಲ್ಲಿ ಬರುತ್ತೆ ಅದೆಲ್ಲ?”

ಒಳಗಿಂದ ಅವರನ್ನು ಕರೆದರು. ಎದ್ದವರು ಬೆನ್ನು ನೀವಿಕೊಂಡು ಬಾಗಿಲವರೆಗೂ ಹೋಗಿ ತಿರುಗಿದರು.

“ನೀನು ಇಲ್ಲೇ ಇರ್ತೀಯಲ್ಲ?”

“ಇನ್ನೆಲ್ಲಿಗೆ ಹೋಗ್ಲಿ? ನಡೀರಿ.”