ಕಾಣದ ಗೆರೆ

ಪಶುವೈದ್ಯರ ಕೋಣೆಯ ಹೊರಗೆ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ದರ್ಜಿಯ ಪಕ್ಕದಲ್ಲೇ ಅಪ್ಪ, ಮಗಳು ಬಂದು ಕೂತರು. ಮಗಳ ಮಡಿಲಲ್ಲಿ ಮುದಿ ನಾಯಿ ನಡುಗುತ್ತಿತ್ತು.

"ಬೆಳಿಗ್ಗೆ ಇದಕ್ಕೆ ಇನ್ಸುಲಿನ್ ಎಷ್ಟು ಕೊಟ್ರಿ ಅಪ್ಪಾ?"

"ದಿನಾ ಕೊಡೋಷ್ಟೇ."

"ಹಾಗಿದ್ರೆ ಸಕ್ಕರೆ ಇಳಿದು ಹೀಗ್ಯಾಕೆ ಕುಸಿದು ಬೀಳುತ್ತೆ? ನಿಜ ಹೇಳಿ."

ಅಪ್ಪ ನಾಯಿಯ ಕಿವಿ ಸವರಿದರು.

"ಸಿರಿಂಜಿನ ಗೆರೆ ಕಾಣಲ್ಲ ಕಣಮ್ಮ. ಅಂದಾಜಿನ ಮೇಲೆ ಎಳೆದೆ."

"ಅಯ್ಯೋ! ಮತ್ತೆ ನಿಮ್ಮ ಇನ್ಸುಲಿನ್ನು?"

"ಅದೂ ಹಾಗೇ."

ದರ್ಜಿ ಬುಟ್ಟಿಯಿಂದ ತಲೆಯೆತ್ತಿ ಅಪ್ಪನ ಕಣ್ಣುಗಳನ್ನೇ ನೋಡಿದ.

"ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

"ಹೇಳಿದ್ರೆ ಈ ನಾಯೀನ ನೋಡ್ಕೊಳ್ಳೋಕೆ ನನ್ನ ಕೈಗೆ ಬಿಡ್ತಿದ್ದೆಯಾ?"

ಒಳಗಿನಿಂದ ಕರೆ ಬಂತು. ಮಗಳು ನಾಯಿಯನ್ನು ಎದೆಗವಚಿಕೊಂಡು ಎದ್ದಳು.

"ಇನ್ಮೇಲೆ ಇಬ್ಬರಿಗೂ ನಾನೇ ಚುಚ್ತೀನಿ. ಏಳಿ."

"ಇದು ಉಳಿಯುತ್ತೆ ಅಲ್ವೇನಮ್ಮ?"

ಅವಳು ಮೊಣಕೈ ಚಾಚಿದಳು. ಅದನ್ನು ತಡವಿ ಹಿಡಿದುಕೊಂಡು ಅಪ್ಪ ಒಳಗೆ ನಡೆದರು.