ವೈರ್ ಕಿತ್ತ ವರ

ಸುರಪುರದ ಬಸ್ ನಿಲ್ದಾಣದಲ್ಲಿ ನಾನು ತಿಂಥಣಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನ ಮೇಲೆ ರೇಷ್ಮೆ ಸೀರೆಯುಟ್ಟ ಹುಡುಗಿ ಮತ್ತು ಅವಳ ಚಿಕ್ಕಮ್ಮ ಕೂತಿದ್ದರು. ರಂಗಂಪೇಟೆಯಲ್ಲಿ ವರನ ಮನೆ ನೋಡಿಕೊಂಡು ಬಂದವರೆಂದು ಮಾತಿನಿಂದಲೇ ತಿಳಿಯಿತು.

“ಒಂದು ವಿಡಿಯೋ ಗೇಮ್ ಸಲುವಾಗಿ ಸಂಬಂಧ ಬ್ಯಾಡಂತಿ ಏನ, ಗುರುದೇವಿ?”

“ಟಿವಿಗೆ ಹಚ್ಚಿ ಇಬ್ಬರು ಬಡದಾಡೋ ಹಳೀ ಗೇಮ್, ಚಿಗವ್ವ. ‘ಹೆಣ್ಮಕ್ಕಳಿಗೆ ಇದು ಬರೂದಿಲ್ಲ’ ಅಂದ. ಎರಡು ಸಲ ಕೆಡವಿದೆ.”

“ಒಂದ್ಸಲರೆ ಬಿಟ್ಟುಕೊಡಬೇಕಿತ್ತು.”

“ಮೊದಲ ಸಲ ಸೋತಾಗ ತನ್ನ ರಿಮೋಟ್ ಕೆಟ್ಟೈತಿ ಅಂದ. ನಂದು ಕೊಟ್ಟೆ. ಅದರಾಗೂ ಸೋತ. ಮೂರನೇ ಸಲ ಇನ್ನೇನು ಬೀಳ್ತಾನ ಅನ್ನೂದ್ರಾಗ ವೈರ್ ಕಿತ್ತಿ ಒಗದ. ಮೂವತ್ತು ವರ್ಷದ ಗಂಡಸು! ಥೂ!”

“ಗಂಡಸರಿಗೆ ಸಿಟ್ಟು ಇರತೈತಿ. ಲಗ್ನ ಆದಮ್ಯಾಲ ತಣ್ಣಗಾಗ್ತಾನ.”

“ನೀ ಅಡಗಿ ಮನ್ಯಾಗಿದ್ದಿ. ಅವ ವೈರ್ ಕೀಳೂಕಿಂತ ಒಂದ ಗಳಿಗಿ ಮೊದಲ ಅವನ ತಂಗಿ ಚಾ ಕೊಡಾಕ ಬಂದು ನನ್ನ ಕಿವ್ಯಾಗ ಏನಂದಳು ಗೊತ್ತೇನು? ‘ಅಕ್ಕಾ, ಕೈ ಮುಗಿತೀನಿ, ಈಗರೆ ಸೋತುಬಿಡ್ರಿ. ನೀವು ಹೋದಮ್ಯಾಲ ನಮಗ ಬಡಿತಾನ.’”

ಶಹಾಪುರದ ಬಸ್ಸು ಬಂದು ನಿಂತಿತು. ಚಿಕ್ಕಮ್ಮ ಚೀಲ ಎತ್ತಿಕೊಂಡಳು.

“ನಿಮ್ಮಪ್ಪಗ ನಾನ ಹೇಳ್ತೀನಿ, ಈ ಸಂಬಂಧ ಬ್ಯಾಡಂತ. ಅವನ ತಂಗಿ ಹೆಸರೇನು?”

“ಸುಕನ್ಯಾ.”

“ಆಕಿ ಫೋನ್ ನಂಬರ್ ಇಸ್ಕೊಂಡಿ ಇಲ್ಲ?”

“ಇಸ್ಕೊಂಡೀನಿ.”

“ಹಚ್ಚು. ಈಗ ಹೆಂಗದಾಳ ಕೇಳು.”

ಗುರುದೇವಿ ಫೋನನ್ನು ಕಿವಿಗಿಟ್ಟುಕೊಂಡೇ ಬಸ್ಸು ಹತ್ತಿದಳು.