ಇಪ್ಪತ್ತು ಪುಟದ ಆಸ್ತಿ

೧೯೮೧ರ ಒಂದು ಬೆಳಿಗ್ಗೆ, ಹೆಬ್ಬಾಳದ ಬಸ್ ನಿಲ್ದಾಣ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿದ್ದ ಸತ್ಯವತಿಯ ಪಕ್ಕದಲ್ಲಿ ಅಲ್ಲಾಳಸಂದ್ರದ ಮುನಿರಾಮಯ್ಯನವರೂ ಅವರ ಹೆಂಡತಿ ಸುಬ್ಬಲಕ್ಷ್ಮಮ್ಮನವರೂ ಕೂತಿದ್ದರು.

“ಲೆಕ್ಕದ ಮೇಷ್ಟ್ರಿಗೆ ನಮ್ಮ ಯಶೋದನ್ನ ಕೊಡೋದಾ? ಆಸ್ತಿ ಏನೈತೆ ಅಂತ ಕೇಳಿದ್ರಾ?”

“ಕೇಳ್ದೆ ಕಣೆ. ಕಾಗದದ ಕಂತೆ ಇಟ್ಕೊಂಡು ಕುಂತಿದ್ದ. ‘ಭಾಗ ಆಗೈತೇನಪ್ಪ?’ ಅಂದೆ. ‘ಇದು ಭಾಗ ಆಗೋದೇ ಇಲ್ಲ’ ಅಂದ.”

“ಅಣ್ಣತಮ್ಮಂದ್ರು ಬಿಟ್ಟಾರಾ?”

“‘ಒಂದರಿಂದ ಆಗ್ತದೆ, ತನ್ನಿಂದ ಆಗ್ತದೆ, ಇನ್ಯಾರಿಂದಲೂ ಆಗಲ್ಲ’ ಅಂದ. ಅಂಗಂದ್ರೆ ಇರೋದು ಒಂದೇ ಪಾಲು, ಅದೂ ಅವನ್ದೇ!”

“ಎಷ್ಟೈತಂತೆ?”

“ಬರೆಯೋಕೇ ಇಪ್ಪತ್ತು ಪುಟ ಬೇಕಂತೆ!”

ಮೇಷ್ಟ್ರು ಹೇಳಿದ್ದು ಅವಿಭಾಜ್ಯ ಸಂಖ್ಯೆಯ ಮಾತು! ಗೊತ್ತಿರುವುದರಲ್ಲೇ ಅತಿ ದೊಡ್ಡದಾದ, ಹದಿಮೂರು ಸಾವಿರ ಅಂಕಿಗಳ ಆ ಸಂಖ್ಯೆಯ ಸುದ್ದಿಯನ್ನು ಸತ್ಯವತಿಯೂ ಓದಿದ್ದಳು. ಉಕ್ಕಿ ಬಂದ ನಗುವನ್ನು ನುಂಗಿಕೊಂಡು, ತಿದ್ದಲೆಂದು ಬಾಯಿ ತೆರೆದಳು.

“ಆದ್ರೂ ಅವ್ನ ಚಪ್ಪಲಿ ನೋಡಿದ್ರಾ? ಕಿತ್ತೋಗಿರೋದಕ್ಕೆ ಪಿನ್ನು ಚುಚ್ಕಂಡವ್ನೆ.”

“ಇರೋರು ಅಂಗೇ ಕಣೆ. ನಿನ್ ಮಗ್ಳು ಬೇರೆ, ಅವನನ್ನೇ ಆಗ್ತೀನಿ ಅಂತ ಮೂರು ದಿನದಿಂದ ಅನ್ನ ಮುಟ್ಟಿಲ್ಲ.”

ಸತ್ಯವತಿ ಬಾಯಿ ಮುಚ್ಚಿಕೊಂಡಳು.

ಬಸ್ಸು ಬಂತು. ಏಳುತ್ತಾ ಸುಬ್ಬಲಕ್ಷ್ಮಮ್ಮ ಇವಳತ್ತ ತಿರುಗಿದರು. “ಓದ್ದೋಳಂಗೆ ಕಾಣ್ತೀಯ, ನೀನೇ ಹೇಳವ್ವ. ಅದು ಮುಂದೆ ಯಾವಾಗಾದ್ರೂ ಭಾಗ ಆಗ್ಬಿಡಲ್ಲ ತಾನೇ?”

ಗುರುತಿಲ್ಲದವರೊಂದಿಗೆ ಮಾತೇ ಆಡದ ಸತ್ಯವತಿ ಗಟ್ಟಿಯಾಗಿ ಹೇಳಿದಳು: “ಯಾವ ಕಾಲಕ್ಕೂ ಆಗಲ್ಲಮ್ಮ. ಬೇಕಾದ್ರೆ ಬರೆದುಕೊಡ್ತೀನಿ.”

“ಕೇಳಿಸ್ತಾ? ಸರಿ, ಕೊಟ್ಬಿಡಾಣ” ಎನ್ನುತ್ತಾ ಸುಬ್ಬಲಕ್ಷ್ಮಮ್ಮ ಗಂಡನನ್ನು ಮುಂದೆ ದೂಡಿಕೊಂಡು ಬಸ್ಸು ಹತ್ತಿದರು.